ಪರದೇಶದ ವಿದ್ಯಾಲಯದಲ್ಲಿ ನಮ್ಮ ಮಕ್ಕಳ ದುಡಿಮೆ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಕೇಳಿ ಕೆಲವರು ನಕ್ಕಿರಬಹುದು. ಅಮೆರಿಕೆಯ ವಿಶ್ವವಿದ್ಯಾಲಯದೊಳಗೆ ಪರದೇಶದ ವಿದ್ಯಾರ್ಥಿಗಳಿಗೆ ಸಿಗುವ ಕೆಲಸಕ್ಕೂ ಮುಂಬಯಿಯ ನಮ್ಮ ಖೋಲಿಗಳಿಗೂ ಏನು ಸಂಬಂಧ? ಸಂಬಂಧವಿದೆ. ಹೋದ ತಿಂಗಳು ನಮ್ಮ ಸದಸ್ಯರೊಬ್ಬರು ಕಚೇರಿಗೆ ಬಂದರು. ಮೂವತ್ತು ವರ್ಷ ಹೋಟೆಲಿನಲ್ಲಿ ದುಡಿದವರು. ಮಗ ಇಂಜಿನಿಯರಿಂಗ್ ಮುಗಿಸಿದ್ದಾನೆ, ಅಮೆರಿಕೆಯಲ್ಲಿ ಎಂ.ಎಸ್. ಓದಲು ಸೀಟು ಸಿಕ್ಕಿದೆ. "ಊರಿನ ಮನೆ ಅಡವಿಟ್ಟರೆ ಒಂದು ವರ್ಷದ ಹಣವಾಗುತ್ತದೆ. ಎರಡನೆಯ ವರ್ಷದ್ದನ್ನು ಅವನೇ ಅಲ್ಲಿ ಕೆಲಸ ಮಾಡಿ ಕಟ್ಟುತ್ತಾನಂತೆ. ಏಜೆಂಟರು ಹಾಗೆ ಹೇಳಿದ್ದಾರೆ. ಆಗುತ್ತದೆಯೇ?" ಎಂದು ಕೇಳಿದರು. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬೆಳೆಸಿ ಹೇಳುತ್ತೇವೆ.

ದುಡಿಯುತ್ತ ಓದುವುದು ನಮಗೆ ಹೊಸತಲ್ಲ. ಹಗಲೆಲ್ಲ ಟೇಬಲ್ ಒರೆಸಿ, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಅಕ್ಷರ ಕಲಿತವರು ಈ ಸಭೆಯಲ್ಲೇ ಎಷ್ಟು ಮಂದಿ ಇಲ್ಲ! ಆದರೆ ನಮ್ಮ ಕಾಲದಲ್ಲಿ ಕೆಲಸ ಮೊದಲು, ಯಜಮಾನರು ಬಿಟ್ಟರೆ ಶಾಲೆ. ಅಲ್ಲಿಯ ಕಾನೂನು ಇದಕ್ಕೆ ತಲೆಕೆಳಗು. ಎಫ್-1 ಎಂಬ ವೀಸಾದ ಮೇಲೆ ಹೋದವನು ಪೂರ್ಣಕಾಲ ಓದಲೇಬೇಕು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮೀರದಂತೆ ವಿದ್ಯಾಲಯದ ಆವರಣದೊಳಗೆ ದುಡಿಯಬಹುದು. ದೊಡ್ಡ ರಜೆಯಲ್ಲಿ ಪೂರ್ಣ ಹೊತ್ತು ದುಡಿಯಲು ಅಡ್ಡಿಯಿಲ್ಲ. ಎರಡು ಕಡೆ ಕೆಲಸ ಹಿಡಿದರೂ ಎರಡರ ಗಂಟೆ ಕೂಡಿಸಿಯೇ 20.

ಕೆಲಸಗಳಾದರೂ ಎಂಥವು? ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವುದು, ಕಚೇರಿಯಲ್ಲಿ ಕಾಗದ ನೋಡುವುದು, ಪ್ರಾಧ್ಯಾಪಕರಿಗಾಗಿ ಉತ್ತರ ಪತ್ರಿಕೆ ತಿದ್ದುವುದು, ಭೋಜನಶಾಲೆಯಲ್ಲಿ ಬಡಿಸುವುದು, ತಟ್ಟೆ ತೊಳೆಯುವುದು. ಪಾಠ ಹೇಳುವ, ಸಂಶೋಧನೆಗೆ ನೆರವಾಗುವ ಸಹಾಯಕ ಹುದ್ದೆ ದೊರೆತರೆ ಅನೇಕ ಕಡೆ ಶುಲ್ಕವೂ ಮಾಫಿಯಾಗುತ್ತದೆ. ಆದರೆ ಅದು ಹೆಚ್ಚಾಗಿ ಪಿಎಚ್.ಡಿ. ಓದುವವರ ಪಾಲು. ಸರಕಾರದ ಹಣದಿಂದ ನಡೆಯುವ 'ವರ್ಕ್-ಸ್ಟಡಿ' ಎಂಬ ಕೆಲಸಗಳು ಪರದೇಶದವರಿಗೆ ಇಲ್ಲ. ಉಳಿದುದಕ್ಕೆ ನೂರಾರು ಕೈಗಳು ಚಾಚಿರುತ್ತವೆ. ಇಳಿದ ಮರುದಿನವೇ ಕೆಲಸ ಸಿಕ್ಕೀತೆಂದು ಯಾರೂ ಬರೆದುಕೊಡುವುದಿಲ್ಲ. ಗಿರಣಿಯ ಬಾಗಿಲಲ್ಲಿ ಬದಲಿ ಕೆಲಸಕ್ಕೆ ಕಾದು ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಲೆಕ್ಕ. ಅಮೆರಿಕೆಯ ಕೇಂದ್ರ ಸರಕಾರ ಗೊತ್ತುಮಾಡಿದ ಕನಿಷ್ಠ ವೇತನ 2009ರಿಂದಲೂ ಗಂಟೆಗೆ 7 ಡಾಲರು 25 ಸೆಂಟು. ಟೆಕ್ಸಾಸ್ ರಾಜ್ಯದ ದರವೂ ಅದೇ. 20 ಗಂಟೆಗೆ 145 ಡಾಲರು. ಎರಡು ಅವಧಿ ಸೇರಿ ಮೂವತ್ತು ವಾರ ಹಿಡಿದರೆ 4,350. ಕ್ಯಾಲಿಫೋರ್ನಿಯಾದಲ್ಲಿ 2025ರ ದರ 16 ಡಾಲರು 50 ಸೆಂಟು. ಅದೇ ಮೂವತ್ತು ವಾರಕ್ಕೆ 9,900 ಡಾಲರು. ದೊಡ್ಡ ಮೊತ್ತವೆಂದು ಕಾಣಬಹುದು, ಆದರೆ ಅಲ್ಲಿ ಬಾಡಿಗೆಯೂ ಅಷ್ಟೇ ದೊಡ್ಡದು. ಪರದೇಶದ ವಿದ್ಯಾರ್ಥಿಯ ಶುಲ್ಕವೊಂದೇ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೆ 20 ಸಾವಿರ ಡಾಲರನ್ನು ದಾಟುತ್ತದೆ. ಎಂದರೆ ಈ ದುಡಿಮೆ ಹೊಟ್ಟೆಗೆ ಆದೀತು, ಶುಲ್ಕಕ್ಕೆ ಆಗದು. ಏಜೆಂಟರು ಈ ಗುಣಾಕಾರವನ್ನು ಮಾಡಿ ತೋರಿಸುವುದಿಲ್ಲ.

ಜಯಪ್ರಕಾಶ ನಾರಾಯಣರು ದುಡಿದು ಓದಲಿಲ್ಲವೇ ಎಂದು ನೀವು ಕೇಳಬಹುದು. ನಿಜ. 1922ರಲ್ಲಿ ಅಮೆರಿಕೆಗೆ ಹೋದ ಅವರು ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದರು, ಹೋಟೆಲಿನಲ್ಲಿ ಪಾತ್ರೆ ತೊಳೆದರು; ಬರ್ಕ್ಲಿಯಲ್ಲಿ ಶುಲ್ಕ ಏರಿದಾಗ ಅಯೋವಾಕ್ಕೆ ಹೊರಟುಹೋದರು. ಆದರೆ ಆವರಣದ ಹೊರಗಿನ ಆ ತೋಟ, ಆ ಹೋಟೆಲು ಇಂದಿನ ವಿದ್ಯಾರ್ಥಿಗೆ ಅಪ್ಪಣೆಯಿಲ್ಲದೆ ಮುಟ್ಟಲಾಗದ ಜಾಗ. ಮೊದಲ ವರ್ಷವಂತೂ ಆ ಅಪ್ಪಣೆ ಸಾಮಾನ್ಯವಾಗಿ ದೊರೆಯುವುದೇ ಇಲ್ಲ.

ಅಪಾಯವಿರುವುದು ಇಲ್ಲಿಯೇ. ಎರಡನೆಯ ವರ್ಷದ ಕಂತು ಬರುತ್ತದೆ. ಮನೆಯಿಂದ ಹಣ ಬರುವುದಿಲ್ಲ. ಪೇಟೆಯ ಯಾವುದೋ ಊಟದ ಅಂಗಡಿಯವನು ರೊಕ್ಕ ಕೈಗೇ ಕೊಡುತ್ತೇನೆ, ಕಾಗದ ಬೇಡ ಎನ್ನುತ್ತಾನೆ. ಮಸ್ಟರಿನಲ್ಲಿ ಹೆಸರಿಲ್ಲದ ದುಡಿಮೆಯೆಂದರೆ ಏನೆಂದು ನಮಗೆ ಗೊತ್ತಿದೆ. ಪಗಾರ ಮುರಿದರೂ ಹುಡುಗ ಭಯದಿಂದ ಬಾಯಿ ಬಿಡುವುದಿಲ್ಲ. ಸಿಕ್ಕಿಬಿದ್ದರೆ ವಿದ್ಯಾರ್ಥಿಯಾಗಿ ಅಲ್ಲಿ ಇರುವ ಹಕ್ಕೇ ಹೋಗುತ್ತದೆ, ಅದನ್ನು ಮರಳಿ ಕೇಳುವ ಬಾಗಿಲೂ ಮುಚ್ಚುತ್ತದೆ. ಡಿಗ್ರಿ ಇಲ್ಲ, ಸಾಲ ಮಾತ್ರ ಹಾಗೆಯೇ ಇರುತ್ತದೆ. ಆದುದರಿಂದ ಫೋನಿನಲ್ಲಿ "ಏನಾದರೂ ನೋಡಿಕೋ ಮಗಾ" ಎನ್ನುವ ಮುನ್ನ ಯೋಚಿಸಿ. ಆ ಮಾತನ್ನು ಅವನು ಹೇಗೆ ತಿಳಿಯುತ್ತಾನೋ!

ಆವರಣದೊಳಗೆ ಸರಿಯಾಗಿ ಕೆಲಸ ಹಿಡಿದವನಿಗೆ ಎರಡು ಮಾತು ತಿಳಿಸಿ. ಕೆಲಸ ಸಿಕ್ಕ ಪತ್ರ ಮತ್ತು ವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಅಧಿಕಾರಿಯ ಪತ್ರ, ಇವೆರಡನ್ನೂ ಒಯ್ದು ಸೋಷಿಯಲ್ ಸೆಕ್ಯುರಿಟಿ ನಂಬರು ಪಡೆಯಬೇಕು. ಬಳಿಕ ಪಗಾರದ ಚೀಟಿಯನ್ನು ಓದಬೇಕು. ಆದಾಯ ತೆರಿಗೆ ಹಿಡಿಯುತ್ತಾರೆ. ಆದರೆ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಎಂಬ ಎರಡು ಕಡಿತಗಳು ಇಂಥ ವಿದ್ಯಾರ್ಥಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಇಲ್ಲ. ತಪ್ಪಿ ಹಿಡಿದಿದ್ದರೆ ಹಿಂದಕ್ಕೆ ಕೇಳಬಹುದು.

ಅಲ್ಲಿಯೂ ಸಂಘಗಳಿವೆ, ಬಂಧುಗಳೇ. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48 ಸಾವಿರ ಸಹಾಯಕರೂ ಸಂಶೋಧಕರೂ ಮುಷ್ಕರ ಹೂಡಿದರು. ಸುಮಾರು ಆರು ವಾರ ನಡೆದು ಪಗಾರ ಏರಿಸಿಕೊಂಡರು. ಪರದೇಶದ ವಿದ್ಯಾರ್ಥಿಗಳೂ ಅವರಲ್ಲಿದ್ದರು. 1982ರ ಗಿರಣಿ ಮುಷ್ಕರದ ಗಾಯ ಇನ್ನೂ ಆರದ ನಮಗೆ ಈ ಸುದ್ದಿ ಓದಿ ಸಂತೋಷವೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಇನ್ನೊಬ್ಬ ಸದಸ್ಯರ ಮಗನ ಸಂಗತಿಯನ್ನೂ ಹೇಳಬೇಕು. "ಆಫೀಸಿನ ಕೆಲಸ" ಎಂದು ವರ್ಷವಿಡೀ ಹೇಳುತ್ತಿದ್ದ. ನಿಜವಾಗಿ ಭೋಜನಶಾಲೆಯಲ್ಲಿ ತಟ್ಟೆ ತೊಳೆಯುತ್ತಿದ್ದ. ತಂದೆಗೆ ಬೇರೆಯವರಿಂದ ತಿಳಿಯಿತು. "ನಾನು ಕಪ್ಪು-ಬಸಿ ತೊಳೆದೇ ಇವನನ್ನು ಓದಿಸಿದ್ದು. ನನ್ನೆದುರು ಇವನಿಗೆ ಯಾಕೆ ನಾಚಿಕೆ?" ಎಂದು ನಮ್ಮ ಕಚೇರಿಯಲ್ಲಿ ಕುಳಿತು ಕಣ್ಣೊರೆಸಿಕೊಂಡರು. ಆಮೇಲೆ ಅವನಿಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು: "ಅಲ್ಲಿ ಚಳಿಯಂತೆ, ತೊಳೆಯಲು ಬಿಸಿನೀರು ಕೊಡುತ್ತಾರೋ ಇಲ್ಲವೋ?"

ಮನೆ ಅಡವಿಡಲು ಹೊರಟಿದ್ದ ಸದಸ್ಯರ ಮುಂದೆ ಐ-20 ಎಂಬ ಕಾಗದವನ್ನು ಬಿಡಿಸಿಟ್ಟೆವು. ವರ್ಷದ ಶುಲ್ಕವೆಷ್ಟು, ಜೀವನದ ಖರ್ಚೆಷ್ಟು ಎಂಬುದೆಲ್ಲ ಅದರಲ್ಲಿಯೇ ಅಚ್ಚಾಗಿರುತ್ತದೆ. ಮಗನ ದುಡಿಮೆಯನ್ನು ಸೊನ್ನೆ ಎಂದು ಹಿಡಿದು ಎರಡೂ ವರ್ಷದ ಮೊತ್ತ ಕೂಡಿಸಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಮಗನನ್ನೇ ಕರೆದುಕೊಂಡು ಬರುತ್ತೇನೆ ಎಂದು ಹೋದರು. ಮುಂದಿನ ಭಾನುವಾರ ತಂದೆ-ಮಗ ಇಬ್ಬರೂ ಬರುವವರಿದ್ದಾರೆ. ಇಂಥ ಕಾಗದ ಮನೆಯಲ್ಲಿರುವವರು ನೀವೂ ಅಂದೇ ತನ್ನಿ, ಸಹಿ ಹಾಕುವ ಮೊದಲು.