ಮುಳವಾಡದ ನೀರು ಮತ್ತು ಒಂಬತ್ತನೆಯ ತರಗತಿಯ ಲೆಕ್ಕ
(ಸುವರ್ಣ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಕೆಲಸ, ಶಕ್ತಿ, ಸಾಮರ್ಥ್ಯ ಎಂಬ ಮೂರು ಮಾತು ಬರುತ್ತವೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತುಬಿಡುತ್ತೇವೆ. ಆದರೆ ನಮ್ಮೂರಿನ ಹೆಸರು ಹೊತ್ತ ಏತ ನೀರಾವರಿ ಯೋಜನೆ ನಿಂತಿರುವುದೇ ಈ ಮೂರು ಮಾತಿನ ಮೇಲೆ. ಆಲಮಟ್ಟಿಯ ಹಿನ್ನೀರು ಕೆಳಗಿದೆ, ನಮ್ಮ ಎರೆಹೊಲ ಮೇಲಿದೆ. ನೀರು ತಾನಾಗಿ ಏರುವುದಿಲ್ಲ, ಯಾರಾದರೂ ಎತ್ತಲೇಬೇಕು.

ಮೊದಲು ಕೆಲಸ. ಬಲ ಹಾಕಿದಾಗ ವಸ್ತು ಆ ಬಲದ ದಿಕ್ಕಿನಲ್ಲಿ ಸರಿದರೆ ಮಾತ್ರ ಭೌತಶಾಸ್ತ್ರ ಅದನ್ನು ಕೆಲಸ ಎನ್ನುತ್ತದೆ. 15 ಕೆ.ಜಿ. ತೂಕದ ತುಂಬಿದ ಕೊಡವನ್ನು ನೆಲದಿಂದ ಒಂದೂವರೆ ಮೀಟರ್ ಎತ್ತಿ ತಲೆಯ ಮೇಲಿಟ್ಟುಕೊಂಡರೆ ಸುಮಾರು 220 ಜೌಲ್ ಕೆಲಸ. ಅದೇ ಕೊಡವನ್ನು ಸಮತಟ್ಟು ದಾರಿಯಲ್ಲಿ ಒಂದೇ ನಡಿಗೆಯಲ್ಲಿ ಎರಡು ಕಿಲೋಮೀಟರ್ ಹೊತ್ತು ತಂದರೆ, ಕೊಡವನ್ನು ಮೇಲೆ ಹಿಡಿದಿಟ್ಟ ಬಲ ಮಾಡಿದ ಕೆಲಸ ಸೊನ್ನೆ! ಇಲ್ಲಿ ಕುಳಿತ ತಾಯಂದಿರು ಸಿಟ್ಟಾಗಬಾರದು. ಪುಸ್ತಕ ಕೊಡದ ಲೆಕ್ಕ ಇಡುತ್ತದೆ, ಹೊತ್ತವರ ದಣಿವಿನ ಲೆಕ್ಕ ಇಡುವುದಿಲ್ಲ. ಬಸವಣ್ಣನವರು ಹುಟ್ಟಿದ ನೆಲದವರು ನಾವು. ಕೆಲಸವೇ ಬೇರೆ, ಕಾಯಕವೇ ಬೇರೆ ಎಂಬುದು ನಮಗೆ ಗೊತ್ತು.

ಎರಡನೆಯದು ಶಕ್ತಿ, ಅಂದರೆ ಕೆಲಸ ಮಾಡುವ ಯೋಗ್ಯತೆ. ಎತ್ತರದಲ್ಲಿ ನಿಂತ ನೀರಿನಲ್ಲಿ ಪ್ರಚ್ಛನ್ನ ಶಕ್ತಿ ಇರುತ್ತದೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.60 ಮೀಟರ್ ಮಟ್ಟದವರೆಗೆ ನಿಲ್ಲುತ್ತದೆ. ಅದು ಕೆಳಗೆ ಬೀಳುವಾಗ 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುದಾಗಾರ ನಡೆಯುತ್ತದೆ. ಅದೇ ಜಲಾಶಯದ ನೀರು ನಮ್ಮ ಕಡೆ ಮೇಲೇರುವಾಗ ವಿದ್ಯುತ್ ನುಂಗುತ್ತದೆ. ಎರಡಕ್ಕೂ ಸೂತ್ರ ಒಂದೇ: ರಾಶಿ, ಗುರುತ್ವ ವೇಗೋತ್ಕರ್ಷ, ಎತ್ತರ, ಇವುಗಳ ಗುಣಲಬ್ಧ.

ಮಕ್ಕಳೇ, ಒಂದು ಲೆಕ್ಕ ಮಾಡೋಣ. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ನಿಲ್ಲಿಸಲು ಸುಮಾರು 2 ಲಕ್ಷ ಲೀಟರ್ ಬೇಕು, ಅಂದರೆ 2 ಲಕ್ಷ ಕೆ.ಜಿ. ಲೆಕ್ಕಕ್ಕಾಗಿ 100 ಮೀಟರ್ ಎತ್ತಬೇಕು ಎಂದುಕೊಳ್ಳಿ. 19 ಕೋಟಿ 60 ಲಕ್ಷ ಜೌಲ್ ಆಯಿತು. ಒಂದು ಯೂನಿಟ್ ಕರೆಂಟ್ ಎಂದರೆ 36 ಲಕ್ಷ ಜೌಲ್. ಭಾಗಿಸಿದರೆ ಸುಮಾರು 54 ಯೂನಿಟ್. ಪಂಪು, ಮೋಟಾರಿನಲ್ಲಿ ನೂರಕ್ಕೆ ಮೂವತ್ತು ಪಾಲು ನಷ್ಟವಾದರೆ 78 ಯೂನಿಟ್. ಇದು ಒಂದು ಎಕರೆಗೆ, ಒಂದು ಸಲದ ನೀರಿಗೆ ಮಾತ್ರ.

ಮೂರನೆಯದು ಸಾಮರ್ಥ್ಯ: ಕೆಲಸ ಎಷ್ಟು ಬೇಗ ಆಯಿತು ಎಂಬ ಮಾತು. ದಿನವಿಡೀ ದುಡಿಯುವ ಗಟ್ಟಿ ಆಳಿನ ಸಾಮರ್ಥ್ಯ ಸುಮಾರು 75 ವ್ಯಾಟ್. ಆ 54 ಯೂನಿಟ್ಟಿನ ಕೆಲಸಕ್ಕೆ ಅವನಿಗೆ ದಿನಕ್ಕೆ 8 ಗಂಟೆಯಂತೆ 90 ದಿನ ಬೇಕು. ಒಂದು ಅಶ್ವಸಾಮರ್ಥ್ಯ 746 ವ್ಯಾಟ್. ನಷ್ಟ ಬಿಟ್ಟು ಲೆಕ್ಕ ಹಾಕಿದರೆ 5 ಎಚ್‌ಪಿ ಮೋಟಾರಿಗೆ ಹದಿನೈದು ಗಂಟೆ ಸಾಕು. ಕೆಲಸ ಅಷ್ಟೇ, ಹೊತ್ತು ಮಾತ್ರ ಬೇರೆ. ಏತ, ಕಪಿಲೆ ಹೊಡೆದ ನಮ್ಮ ಹಿರಿಯರು ಬಾವಿಯ ಸುತ್ತಲಿನ ತುಂಡು ಹೊಲಕ್ಕಷ್ಟೇ ನೀರು ಉಣಿಸಿದ್ದೇಕೆ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಊರಿನವರಿಗೆ ಒಂದು ಮಾತು. ಎತ್ತಿ ತಂದ ನೀರು ಹಳ್ಳದ ನೀರಲ್ಲ. ಕೂಡಗಿಯಂಥ ಸ್ಥಾವರದಲ್ಲಿ ಕಲ್ಲಿದ್ದಲು ಸುಟ್ಟೋ, ಬೇರೆಲ್ಲೋ ನೀರು ಬೀಳಿಸಿಯೋ ಬಂದ ಶಕ್ತಿ ಅದರ ಹನಿಹನಿಯಲ್ಲಿದೆ. ಅದೇ ಹಿನ್ನೀರಿಗಾಗಿ ಹಳೆಯ ಕೊಲ್ಹಾರದವರು ಮನೆಮಠ ಬಿಟ್ಟು ಎದ್ದು ಬಂದಿದ್ದಾರೆ. ಕಾಲುವೆಯ ತಲೆಯ ಹೊಲದವರು ರಾತ್ರಿಯಿಡೀ ನೀರು ಬಿಟ್ಟು ಮಲಗಿದರೆ ಎರೆಭೂಮಿ ಜವುಳಾಗುತ್ತದೆ, ತುದಿಯ ರೈತನ ಹೊಲ ಒಣಗುತ್ತದೆ. ಎತ್ತಲು ಖರ್ಚಾದ ಶಕ್ತಿಯಂತೂ ತಿರುಗಿ ಬರುವುದಿಲ್ಲ.

ಶಿಕ್ಷಕ ಬಂಧುಗಳಲ್ಲಿ ಒಂದು ವಿನಂತಿ. ಈ ಪಾಠದ ದಿನ ಮಕ್ಕಳನ್ನು ಕಾಲುವೆಯ ದಂಡೆಗೆ ಕರೆದೊಯ್ಯಿರಿ. ತಮ್ಮ ಹೊಲಕ್ಕೆ ಒಂದು ಸಲ ಹಾಯುವ ನೀರಿನ ಲೆಕ್ಕವನ್ನು ಅವರೇ ಮಾಡಲಿ, ಉತ್ತರವನ್ನು ಮನೆಯಲ್ಲಿ ಅಪ್ಪನಿಗೆ ಓದಿ ಹೇಳಲಿ. ಐವತ್ತು ವರ್ಷ ಅಕ್ಷರ ಕೊಟ್ಟ ಶಾಲೆಯಿಂದ ಊರಿಗೆ ಸಲ್ಲುವ ದೊಡ್ಡ ಉಪಕಾರ ಅದಾಗುತ್ತದೆ.