ಹಿಮದ ನಾಡಿಗೆ ಹೊರಟ ಶಿಷ್ಯೆ



ಕಳೆದ ತಿಂಗಳು ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬಳು ನನ್ನನ್ನು ಕಾಣಲು ಬಂದಿದ್ದಳು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಅವಳಿಗೆ ಉದ್ಯೋಗ ದೊರೆತಿದೆ. "ಟೀಚರ್, ಚಳಿಗೆ ಕೋಟು ಕೊಂಡೇನು; ಆದರೆ ಅಲ್ಲಿ ಫ್ರೆಂಚ್ ಬೇಕಂತೆ. ಈ ವಯಸ್ಸಿನಲ್ಲಿ ಬಂದೀತೇ?" ಎಂದಳು.

ಅವಳ ಅಂಜಿಕೆ ಅಕಾರಣವಲ್ಲ. ಜನವರಿಯಲ್ಲಿ ಅಲ್ಲಿ ಉಷ್ಣಾಂಶ ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿಳಿಯುವುದುಂಟು. 1977ರ ಫ್ರೆಂಚ್ ಭಾಷಾ ಸನ್ನದು ಕ್ವಿಬೆಕ್ ಪ್ರಾಂತದಲ್ಲಿ ಫ್ರೆಂಚನ್ನು ಆಡಳಿತದ, ಉದ್ಯೋಗದ ಭಾಷೆಯಾಗಿಸಿತು. ಹೊರಗಿನಿಂದ ಬಂದು ನೆಲೆಸುವವರ ಮಕ್ಕಳೂ ಸಾಮಾನ್ಯವಾಗಿ ಫ್ರೆಂಚ್ ಮಾಧ್ಯಮದಲ್ಲೇ ಓದಬೇಕು. ಸುತ್ತಲಿನ ಇಂಗ್ಲಿಷಿನಲ್ಲಿ ತಮ್ಮ ನುಡಿ ಕರಗದಿರಲೆಂದು ಆ ಜನ ಕಟ್ಟಿಕೊಂಡ ಒಡ್ಡು ಅದು.

ಆ ಕಾಳಜಿ ಕಾಸರಗೋಡಿನವರಾದ ನಮಗೆ ಅಪರಿಚಿತವೇ? 1956ರ ನವೆಂಬರ್ 1ರಿಂದ ನಾವೂ ಅದನ್ನೇ ಹೊತ್ತು ಬಂದವರು. ಅವಳಿಗೆ ಹೇಳಿದೆ: "ಮನೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಹೀಗೆ ಬೆಳೆದವಳು ನೀನು. ಇನ್ನೊಂದಕ್ಕೆ ಅಂಜುವೆಯೇಕೆ? ಅಂಗಡಿ ಹೊಕ್ಕೊಡನೆ 'ಬೋಂಜೂರ್' ಎನ್ನು. ತಪ್ಪಾದರೂ ಮಾತಾಡು. ಹೊರಗಿನಿಂದ ಬಂದ ಅಧಿಕಾರಿ ಎರಡು ಮಾತು ಕನ್ನಡದಲ್ಲಿ ಆಡಿದರೆ ನಮಗೆಷ್ಟು ಹಿತವೆನಿಸುತ್ತದೆ, ನೆನಪಿಸಿಕೋ."

ಕನ್ನಡ ಮಾಧ್ಯಮದಲ್ಲಿ ಓದಿದರೆ ಮಕ್ಕಳು ಹಿಂದುಳಿಯುವುದಿಲ್ಲವೇ ಎಂದು ಪೋಷಕರು ಕೇಳಿದಾಗ ಎಷ್ಟೋ ಬಾರಿ ನಾನು ಮಾತಿಗೆ ತಡವರಿಸಿದ್ದೇನೆ. ಇನ್ನು ಮುಂದೆ ಈ ಶಿಷ್ಯೆಯ ಕಥೆ ಹೇಳುವೆ. ಹೊರಡುವಾಗ ಅವಳು ನನ್ನಲ್ಲಿ ಬೇಡಿದ್ದು ಒಂದನ್ನೇ: ಐದು ವರ್ಷದ ಮಗಳಿಗಾಗಿ ನಮ್ಮ ಒಂದನೆಯ ತರಗತಿಯ ಕನ್ನಡ ಪುಸ್ತಕ. ಅಲ್ಲಿನ ಶಾಲೆ ಆ ಮಗುವಿಗೆ ಫ್ರೆಂಚ್ ಕಲಿಸೀತು. ಕನ್ನಡವನ್ನು ತಾಯಿಯೇ ಕಲಿಸಬೇಕು.