ಕೊಕ್ಕೆ ಸೂಜಿಯ ಕೆಲಸಕ್ಕೂ ಲೆಕ್ಕ ಬೇಕು



ಹೋದ ವರ್ಷ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಹೊಸದಾಗಿ ಬಂದರು. ಹೆಸರು ಬರೆದುಕೊಂಡೆವು. ಊರು ಬರೆದುಕೊಂಡೆವು. “ಏನು ಕೆಲಸ ಮಾಡ್ತೀರಿ ಅಕ್ಕಾ?” ಎಂದು ಕೇಳಿದೆವು. “ಏನೂ ಇಲ್ಲಮ್ಮಾ, ಮನೇಲೇ ಇರ್ತೀನಿ” ಎಂದರು. ಹಾಗೆ ಹೇಳುವಾಗಲೂ ಅವರ ಮಡಿಲಲ್ಲಿ ಒಂದು ರೇಷ್ಮೆ ಸೀರೆ ಇತ್ತು. ಕೈ ಕ್ರೋಶಾ ಸೂಜಿ ಹಿಡಿದು ಸೆರಗಿಗೆ ಕುಚ್ಚು ಕಟ್ಟುತ್ತಲೇ ಇತ್ತು!

ಇದು ಕೆಲಸ ಅಲ್ಲವೇ? ಇವತ್ತು ನಾವು ಇದನ್ನೇ ಮಾತಾಡೋಣ.

ಕ್ರೋಶಾ ಸೂಜಿಯ ತುದಿಯಲ್ಲಿ ಒಂದು ಕೊಕ್ಕೆ ಇರುತ್ತದೆ. ದಾರವನ್ನು ಕೊಕ್ಕೆಗೆ ಸಿಕ್ಕಿಸಿ ಎಳೆದರೆ ಒಂದು ಕುಣಿಕೆ. ಅದರೊಳಗಿಂದ ಇನ್ನೊಂದು ಕುಣಿಕೆ. ಹೀಗೆ ಸರಪಳಿ ಬೆಳೆಯುತ್ತದೆ. ಸರಪಳಿಯೇ ತಿರುಗಿ ಹೂವಾಗುತ್ತದೆ, ಎಲೆಯಾಗುತ್ತದೆ. ಬಾಗಿಲ ತೋರಣ, ತಟ್ಟೆ ಮುಚ್ಚುವ ಬಟ್ಟೆ, ಸೀರೆಯ ಕುಚ್ಚು ಎಲ್ಲವೂ ಈ ಸೂಜಿಯಿಂದಲೇ ಆಗುತ್ತವೆ. ಜಾಲರಿಯಂತೆ ಹೆಣೆದ ಇಂಥ ಕೆಲಸಕ್ಕೆ ಲೇಸು ಎನ್ನುತ್ತಾರೆ. ಅದು ಇಂಗ್ಲಿಷ್ ಮಾತು. ಕನ್ನಡದಲ್ಲಿ ಲೇಸು ಎಂದರೆ ಒಳ್ಳೆಯದು. ಕೆಲಸವೇನೋ ಲೇಸು. ಕೂಲಿಯೂ ಲೇಸಾಗಿದೆಯೇ?

ನಮ್ಮ ಪಕ್ಕದ ಆಂಧ್ರಪ್ರದೇಶದಲ್ಲಿ ನರಸಾಪುರ ಎಂಬ ಊರಿದೆ. ಪಶ್ಚಿಮ ಗೋದಾವರಿ ಜಿಲ್ಲೆಗೆ ಸೇರಿದ್ದು. ಗೋದಾವರಿ ನದಿ ಸಮುದ್ರ ಸೇರುವ ಕಡೆ ಇದೆ. ಬ್ರಿಟಿಷರ ಕಾಲದಲ್ಲಿ ಕ್ರೈಸ್ತ ಮಿಷನರಿಗಳು ಅಲ್ಲಿನ ಬಡ ಹೆಂಗಸರಿಗೆ ಲೇಸು ಹೆಣೆಯುವುದನ್ನು ಕಲಿಸಿದರು. ಆಮೇಲೆ ರೈತರ ಮನೆಗಳ ಹೆಂಗಸರೂ ಕಲಿತರು. ಹೊರಗೆ ಕೂಲಿಗೆ ಹೋಗಬಾರದು ಎಂಬ ಕಟ್ಟುಪಾಡು ಅವರಿಗಿತ್ತು. ಆದ್ದರಿಂದ ಮನೆಯಲ್ಲೇ ಕೂತು ಹೆಣೆದರು.

ವ್ಯಾಪಾರಿಯ ಕಡೆಯವರು ದಾರ ತಂದು ಕೊಡುತ್ತಿದ್ದರು. ಒಬ್ಬಳು ಹೂವು ಹೆಣೆಯುತ್ತಿದ್ದಳು. ಇನ್ನೊಬ್ಬಳು ಹೂವುಗಳನ್ನು ಜೋಡಿಸುತ್ತಿದ್ದಳು. ಆ ಲೇಸು ಹಡಗು ಹತ್ತಿ ಹೊರದೇಶಗಳಿಗೆ ಹೋಗುತ್ತಿತ್ತು. ಅಲ್ಲಿ ಅದರ ಬೆಲೆ ಎಷ್ಟು? ಹೆಣೆದವಳಿಗೆ ಗೊತ್ತಿರಲಿಲ್ಲ.

ಮಾರಿಯಾ ಮೀಸ್ ಎಂಬ ಜರ್ಮನಿಯ ವಿದ್ವಾಂಸೆ ನರಸಾಪುರಕ್ಕೆ ಹೋಗಿ ಈ ಹೆಂಗಸರನ್ನು ಕಂಡು ಮಾತಾಡಿಸಿದರು. 1982ರಲ್ಲಿ ಅವರ ಬಗ್ಗೆ ಪುಸ್ತಕ ಬರೆದರು. ಈ ಹೆಂಗಸರು ಅಡುಗೆ, ನೀರು, ಮಕ್ಕಳು ಎಲ್ಲ ನೋಡಿಕೊಂಡು, ದಿನಕ್ಕೆ ಆರರಿಂದ ಎಂಟು ಗಂಟೆ ಸೂಜಿ ಹಿಡಿಯುತ್ತಿದ್ದರು. ಸಿಗುತ್ತಿದ್ದದ್ದು ದಿನಕ್ಕೆ ಒಂದು ರೂಪಾಯಿಗೂ ಕಡಿಮೆ. ಯಾಕೆ ಇಷ್ಟು ಕಡಿಮೆ? “ಇವರು ಮನೆಯಲ್ಲಿರುವ ಹೆಂಗಸರು, ಬಿಡುವಿನಲ್ಲಿ ಹೆಣೆಯುತ್ತಾರೆ” ಎಂದು ಎಲ್ಲರೂ ತಿಳಿದಿದ್ದರು. ಅದನ್ನು ಹೆಂಗಸರೂ ನಂಬಿದ್ದರು. ಅವರದೂ ನಮ್ಮ ಅಕ್ಕನ ಮಾತೇ, ನೋಡಿ.

2024ರಲ್ಲಿ ನರಸಾಪುರದ ಲೇಸಿಗೆ ಜಿಐ ಗುರುತು ಸಿಕ್ಕಿತು. ನಮ್ಮ ಚನ್ನಪಟ್ಟಣದ ಗೊಂಬೆಗೆ, ಸಂಡೂರಿನ ಲಂಬಾಣಿ ಕಸೂತಿಗೆ ಇರುವಂಥದ್ದೇ ಗುರುತು. ಬೇರೆ ಕಡೆ ಮಾಡಿದ ಮಾಲನ್ನು ಆ ಊರಿನ ಹೆಸರಲ್ಲಿ ಮಾರುವಂತಿಲ್ಲ. ಇದು ಒಳ್ಳೆಯದೇ. ಆದರೆ ಗುರುತು ಬಂದ ಮಾತ್ರಕ್ಕೆ ಕೂಲಿ ತಾನಾಗಿ ಏರುವುದಿಲ್ಲ. ಲೆಕ್ಕ ಗೊತ್ತಿರಬೇಕು. ಕೇಳಲು ಬಾಯಿ ಬೇಕು.

ಈಗ ನಮ್ಮ ಅಕ್ಕನ ಕಡೆಗೆ ಬರೋಣ. ಕುಚ್ಚಿನ ಕೆಲಸಕ್ಕೂ ಬೇಸಾಯದ ಹಾಗೆ ಕಾಲ ಉಂಟು. ಮದುವೆಯ ತಿಂಗಳುಗಳಲ್ಲಿ ರಾಶಿ ಸೀರೆ ಬರುತ್ತವೆ. “ನಾಳೆಯೇ ಬೇಕು” ಎನ್ನುತ್ತಾರೆ. ರಾತ್ರಿ ಹನ್ನೊಂದಾದರೂ ದೀಪ ಆರುವುದಿಲ್ಲ. ಕಣ್ಣು ಉರಿ, ಕತ್ತು ನೋವು. ಆಷಾಢ ಬಂತೋ, ಮದುವೆ ಇಲ್ಲ, ಕೈ ಖಾಲಿ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ಮತ್ತೆ ಸೀರೆ. ದಸರಾ, ದೀಪಾವಳಿಗೆ ಇನ್ನಷ್ಟು. ಮಳೆಗಾಲದಲ್ಲಿ ಕೈ ಬೆವರಿ ದಾರ ಕೊಳೆಯಾಗುತ್ತದೆ. ಪಕ್ಕದಲ್ಲಿ ಒಣ ಬಟ್ಟೆ ಇಟ್ಟುಕೊಂಡೇ ಕೂರಬೇಕು.

ಅಕ್ಕ ಅಂಕಿ ಕಲಿತ ಮೇಲೆ ನಾವು ಒಂದು ಲೆಕ್ಕ ಮಾಡಿಸಿದೆವು. ನೀವೂ ಮಾಡಿ.

ಒಂದು ಸೀರೆಗೆ ಸಿಕ್ಕ ಹಣ 300 ರೂಪಾಯಿ.
ದಾರಕ್ಕೆ, ಮಣಿಗೆ ಹೋದದ್ದು 60 ರೂಪಾಯಿ.
ಉಳಿದದ್ದು 240 ರೂಪಾಯಿ.
ದಿನಕ್ಕೆ 4 ಗಂಟೆಯಂತೆ ಎರಡು ದಿನ, 8 ಗಂಟೆ ಕೆಲಸ.
240ನ್ನು 8ರಿಂದ ಭಾಗಿಸಿ. ಒಂದು ಗಂಟೆಗೆ 30 ರೂಪಾಯಿ.

ಅಕ್ಕ ಬಹಳ ಹೊತ್ತು ಆ 30ನ್ನೇ ನೋಡಿದರು. “ಕೈಗೆ ಬಂದ ಮುನ್ನೂರು ಕಾಣ್ತಿತ್ತು. ಗಂಟೆ ಕಾಣ್ತಿರಲಿಲ್ಲ” ಎಂದರು.

ಆಷಾಢ ಬಂತು. ಅಕ್ಕ ಪೆಟ್ಟಿಗೆಯಿಂದ ಒಂದು ತಟ್ಟೆ ಮುಚ್ಚುವ ಬಟ್ಟೆ ತಂದರು. ತೀರಿಹೋದ ಅವರ ಅಮ್ಮ ಹೆಣೆದದ್ದು. ಹಳದಿಯಾಗಿತ್ತು. ಎರಡು ಹೂವು ಬಿಚ್ಚಿಹೋಗಿದ್ದವು. ಅಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಅವರ ಕೈ ಗುರುತು ಅಂತ ಉಳಿದದ್ದು ಇದೊಂದೇ. “ಬ್ಲೀಚಿಂಗ್ ಪುಡಿ ಹಾಕಲಾ?” ಎಂದು ಕೇಳಿದರು. ಬೇಡವೇ ಬೇಡ ಎಂದೆವು. ನಮ್ಮ ಮನೆಯ ಹಳೆಯ ತೋರಣವನ್ನು ನಾವೇ ಹಾಗೆ ಮಾಡಿ ಹಾಳು ಮಾಡಿದ್ದೆವು. ಬೆಳ್ಳಗೇನೋ ಆಯಿತು, ಎತ್ತಿದರೆ ಚೂರು ಚೂರು.

ಹಳೆಯ ಲೇಸನ್ನು ಹೀಗೆ ನೋಡಿಕೊಳ್ಳಿ. ಬಣ್ಣದ ದಾರವಿದ್ದರೆ ಮೊದಲು ಒದ್ದೆ ಬಿಳಿ ಬಟ್ಟೆ ಒತ್ತಿ ನೋಡಿ. ಬಣ್ಣ ಹತ್ತಿದರೆ ನೀರಿಗೆ ಹಾಕಬೇಡಿ. ಹತ್ತದಿದ್ದರೆ ಅಗಲವಾದ ಬೇಸಿನ್‌ನಲ್ಲಿ ತಣ್ಣೀರು ತುಂಬಿ. ಮೆದುವಾದ ಸೋಪನ್ನು ಸ್ವಲ್ಪವೇ ಕದಡಿ. ಲೇಸನ್ನು ಸೊಳ್ಳೆ ಪರದೆಯ ತುಂಡಿನ ಮೇಲಿಟ್ಟು ಮುಳುಗಿಸಿ. ಉಜ್ಜಬೇಡಿ, ಹಿಂಡಬೇಡಿ, ಬ್ರಷ್ ಮುಟ್ಟಿಸಬೇಡಿ. ನೀರು ಕುಡಿದ ಲೇಸು ಭಾರವಾಗಿ ತನ್ನ ಭಾರಕ್ಕೇ ಹರಿಯುತ್ತದೆ. ಆದ್ದರಿಂದ ಪರದೆಯ ಸಮೇತ ಎತ್ತಿ. ಸೋಪು ಹೋಗುವ ತನಕ ನೀರು ಬದಲಿಸಿ. ಟವೆಲ್ ಮೇಲೆ ಹರಡಿ, ಆಕಾರ ಸರಿಮಾಡಿ, ನೆರಳಲ್ಲಿ ಒಣಗಿಸಿ.

ರಿಪೇರಿಗೆ ಮೊದಲು ಬಿಚ್ಚಿದ ಕುಣಿಕೆಗಳಿಗೆ ಬೇರೆ ಬಣ್ಣದ ದಾರ ಪೋಣಿಸಿ. ಆಗ ಅವು ಮುಂದೆ ಬಿಚ್ಚುವುದಿಲ್ಲ. ಹಳೆಯ ಹೆಣಿಗೆಯನ್ನು ಕತ್ತರಿಸಬೇಡಿ. ಅಷ್ಟೇ ದಪ್ಪದ ದಾರ ಹುಡುಕಿ. ಪಕ್ಕದ ಹೂವನ್ನು ಎಣಿಸಿ, ಅದರಂತೆಯೇ ಹೆಣೆಯಿರಿ. ಮುಗಿದ ಮೇಲೆ ಮಡಿಸದೆ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮಡಿಕೆ ಬಿದ್ದಲ್ಲೇ ದಾರ ಮುರಿಯುತ್ತದೆ. ಗುಂಡುಸೂಜಿ ಚುಚ್ಚಿಡಬೇಡಿ, ತುಕ್ಕಿನ ಕಲೆ ಹೋಗುವುದಿಲ್ಲ.

ಅಕ್ಕ ಅಮ್ಮನ ಬಟ್ಟೆಯನ್ನು ಸರಿಮಾಡಿದರು. ಅದನ್ನು ನೋಡಿ ಪಕ್ಕದ ಬೀದಿಯವರೊಬ್ಬರು ತಮ್ಮ ಅಜ್ಜಿಯ ತೋರಣ ತಂದು ಕೊಟ್ಟರು. ಈಗ ಕಷ್ಟಕ್ಕೆ ಬಂತು. ರಿಪೇರಿಗೆ ಎಷ್ಟು ಕೇಳುವುದು? ಹಾಕಿದ ದಾರ ಒಂದು ಹಿಡಿಯಷ್ಟೂ ಇಲ್ಲ. ಆದರೆ ಹೊಸದು ಹೆಣೆಯುವುದಕ್ಕಿಂತ ಹಳೆಯದನ್ನು ಉಳಿಸುವ ಕೆಲಸ ನಿಧಾನ. ಅಕ್ಕ ಈ ಸಲ ಪ್ರತಿದಿನ ಪುಸ್ತಕದಲ್ಲಿ ಗಂಟೆ ಬರೆದಿದ್ದರು. ಒಟ್ಟು 11 ಗಂಟೆ. 330 ರೂಪಾಯಿ ಕೇಳಿದರು.

“ಹಳೇ ಬಟ್ಟೆಗೆ ಇಷ್ಟೊಂದಾ?” ಎಂದರು ಅವರು. ಅಕ್ಕ ಜಗಳ ಆಡಲಿಲ್ಲ. ಪುಸ್ತಕ ತೆರೆದು ಮುಂದಿಟ್ಟರು. ಸೋಮವಾರ 2 ಗಂಟೆ. ಮಂಗಳವಾರ 3 ಗಂಟೆ. ಹೀಗೆ ಸಾಲು ಸಾಲು. ಅವರು ಓದಿದರು. 300 ಕೊಟ್ಟು ಹೋದರು.

ಒಬ್ಬರೇ ಕೇಳಿದರೆ “ಬೇರೆಯವರಿಗೆ ಕೊಡ್ತೀವಿ” ಎನ್ನುವವರೂ ಇದ್ದಾರೆ. ಅದಕ್ಕೇ ಹತ್ತು ಜನ ಕೂತು ದರ ಗೊತ್ತು ಮಾಡಬೇಕು. 1972ರಲ್ಲಿ ಅಹಮದಾಬಾದಿನಲ್ಲಿ ಇಳಾ ಭಟ್ ಅವರು ಸೇವಾ ಎಂಬ ಸಂಘ ಕಟ್ಟಿದ್ದು ಇಂಥ ಹೆಂಗಸರಿಗಾಗಿಯೇ. ಮನೆಯಲ್ಲಿ ಮಾಡಿದರೂ ಕೆಲಸ ಕೆಲಸವೇ ಎಂದು ಅವರು ಹೇಳಿದರು.

ಅಕ್ಕ ಈಗ ನಮ್ಮ ಹಾಜರಿ ಪುಸ್ತಕದಲ್ಲಿ ತಮ್ಮ ಕೆಲಸವನ್ನು ತಾವೇ ಬರೆದಿದ್ದಾರೆ: ಕ್ರೋಶಾ ಕೆಲಸ. ಅವರ ಲೆಕ್ಕದ ಪುಸ್ತಕದಲ್ಲಿ ಆ ತೋರಣದ ಸಾಲಿನ ಕೊನೆಗೆ ಇನ್ನೊಂದು ಮಾತೂ ಇದೆ: ಬಾಕಿ 30 ರೂಪಾಯಿ.

ಮಾಡಿ ನೋಡಿ: ಈ ವಾರ ನಿಮ್ಮ ಕೈಕೆಲಸಕ್ಕೆ ಎಷ್ಟು ಗಂಟೆ ಹೋಯಿತು? ದಿನದಿನವೂ ಬರೆಯಿರಿ. ಗಂಟೆಗೆ ಎಷ್ಟು ಸಿಕ್ಕಿತು? ಮುಂದಿನ ವಾರ ಎಲ್ಲರೂ ಕೂತು ಓದೋಣ.